ಹಳೆಯ ಮೋಟಾರನ್ನು ನಡೆಸುವ ಬಗೆ



ತುಮಕೂರಿನಿಂದ ಹೊರಟು ಕೊರಟಗೆರೆ, ಮಧುಗಿರಿಗಳನ್ನು ಹಾದು ಪಾವಗಡವನ್ನು ಸೇರುವ ದಾರಿಯನ್ನು ತಮ್ಮಲ್ಲಿ ಬಹುಮಂದಿ ಬಲ್ಲಿರಿ. ಎಡಬಲಗಳಲ್ಲಿ ಬೋಳು ಬಂಡೆಯ ಬೆಟ್ಟಗಳು. ನಡುನಡುವೆ ಕೆರೆಗಳ ಏರಿ. ಬೇಸಗೆಯಲ್ಲಿ ಬರಿಯ ಮರಳಾಗಿ ಮಲಗಿರುವ ಜಯಮಂಗಲಿ. ಇಂದಿನ ಕಾರಿನಲ್ಲಿ ಕುಳಿತವನಿಗೆ ಇದೆಲ್ಲವೂ ಕಿಟಕಿಯಾಚೆಯ ನೋಟ. ದಾರಿ ಏರಿದುದೂ ಇಳಿದುದೂ ಅವನ ಕಾಲಿಗಾಗಲಿ ಕಿವಿಗಾಗಲಿ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ನೂರು ವರ್ಷಗಳ ಹಿಂದಿನ ಮೋಟಾರನ್ನು ಇಂಥ ದಾರಿಯಲ್ಲಿ ನಡೆಸುವವನಿಗೆ ಪ್ರತಿಯೊಂದು ಏರೂ ಪ್ರತಿಯೊಂದು ತಿರುವೂ ಮುಂದಾಗಿಯೇ ಬಿಡಿಸಿಕೊಳ್ಳಬೇಕಾದ ಒಂದೊಂದು ಲೆಕ್ಕ. ಇಂದು ಯಂತ್ರವೇ ತೀರ್ಮಾನಿಸುವ ಅನೇಕ ವಿಷಯಗಳನ್ನು ಅಂದು ಮನುಷ್ಯನೇ ತೀರ್ಮಾನಿಸಬೇಕಾಗಿತ್ತು. ಅದೂ ಹೊತ್ತಿಗೆ ಮೊದಲು.

ಉದಾಹರಣೆಗೆ ಫೋರ್ಡ್ ಕಂಪೆನಿಯ ‘ಟಿ’ ಮಾದರಿಯನ್ನು ತೆಗೆದುಕೊಳ್ಳೋಣ. ೧೯೦೮ರಿಂದ ೧೯೨೭ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾಗಿ ಲೋಕದ ಮೂಲೆಮೂಲೆಗೂ ಹೋದ ಬಂಡಿಯಿದು. ಶಕ್ತಿ ಇಪ್ಪತ್ತು ಕುದುರೆಯದು. ಇದರ ಕಾಲ ಬುಡದಲ್ಲಿ ಮೂರು ಪೆಡಲುಗಳುಂಟು. ಇಂದಿನ ಡ್ರೈವರನನ್ನು ಅದರ ಮುಂದೆ ಕೂರಿಸಿದರೆ ಆ ಮೂರೂ ಅವನನ್ನು ಮೋಸಗೊಳಿಸುತ್ತವೆ. ಎಡಗಡೆಯದು ಕ್ಲಚ್ಚೂ ಹೌದು, ಗೇರೂ ಹೌದು: ಪೂರ್ತಿ ಒತ್ತಿದರೆ ಬಂಡಿ ನಿಧಾನದ ಗೇರಿನಲ್ಲಿ ಸಾಗುವುದು, ಪೂರ್ತಿ ಬಿಟ್ಟರೆ ವೇಗದ ಗೇರಿಗೆ ಬೀಳುವುದು, ನಡುವೆ ಹಿಡಿದರೆ ಎರಡೂ ಇಲ್ಲ. ನಡುವಿನ ಪೆಡಲು ಹಿಂದಕ್ಕೆ ಹೋಗುವುದಕ್ಕೆ. ಇಂದು ಪೆಟ್ರೋಲು ಕೊಡುವ ಬಲಗಡೆಯ ಜಾಗದಲ್ಲಿ ಅಂದು ಇದ್ದುದು ಬ್ರೇಕು! ಹಾಗಾದರೆ ಪೆಟ್ರೋಲು ಕೊಡುವುದು ಹೇಗೆ? ಕಾಲಿನಿಂದಲ್ಲ, ಕೈಯಿಂದ. ಸ್ಟೀರಿಂಗ್ ಚಕ್ರದ ಕೆಳಗೆ ಮೀಸೆಯಂತೆ ಚಾಚಿಕೊಂಡಿರುವ ಎರಡು ಸಣ್ಣ ಕಡ್ಡಿಗಳಲ್ಲಿ ಒಂದು ಪೆಟ್ರೋಲಿನದು, ಇನ್ನೊಂದು ಕಿಡಿಯದು.

ಈ ಕಿಡಿಯ ಕಡ್ಡಿಯ ವಿಷಯವಾಗಿ ಸ್ವಲ್ಪ ನಿಂತು ಹೇಳಬೇಕು. ಸಿಲಿಂಡರಿನೊಳಗಿನ ಪೆಟ್ರೋಲು ಹಬೆಗೆ ವಿದ್ಯುತ್ತಿನ ಕಿಡಿ ತಗಲುವ ಕ್ಷಣವು ಎಂಜಿನ್ನಿನ ವೇಗಕ್ಕೆ ತಕ್ಕಂತೆ ಹಿಂದುಮುಂದಾಗಬೇಕು. ವೇಗ ಹೆಚ್ಚಿದಾಗ ಕಿಡಿ ತುಸು ಮೊದಲೇ ಹಾರಬೇಕು. ಏರಿನಲ್ಲಿ ಎಂಜಿನ್ ಕುಗ್ಗಿದಾಗ ತುಸು ತಡವಾಗಿ ಹಾರಬೇಕು. ಇಂದು ಇದನ್ನು ಗಣಕಯಂತ್ರವೊಂದು ಕ್ಷಣಕ್ಷಣವೂ ಎಣಿಸಿ ನಡೆಸುತ್ತದೆ. ಅಂದು ಇದನ್ನು ನಡೆಸುತ್ತಿದ್ದುದು ಡ್ರೈವರನ ಕಿವಿ. ಏರಿನ ಅರ್ಧದಲ್ಲಿ ಎಂಜಿನ್ನಿನೊಳಗಿಂದ ಸುತ್ತಿಗೆಯಿಂದ ಬಡಿದಂತೆ ‘ಟಣ್ ಟಣ್’ ಎಂಬ ಸದ್ದು ಕೇಳಿದರೆ ಕಿಡಿ ಅವಸರಪಟ್ಟಿದೆ ಎಂದು ತಿಳಿದು ಕಡ್ಡಿಯನ್ನು ಹಿಂದೆಗೆಯಬೇಕು.

ಹೊರಡಿಸುವಾಗಲಂತೂ ಈ ಕಡ್ಡಿಯನ್ನು ಮರೆತರೆ ಕೈ ಮುರಿಯುವುದೇ ಸರಿ. ವಿದ್ಯುತ್ತಿನ ಸ್ಟಾರ್ಟರು ೧೯೧೨ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತಾದರೂ ಅಗ್ಗದ ಬಂಡಿಗಳಿಗೆ ಅದು ಇಳಿದು ಬರಲು ಬಹುಕಾಲ ಹಿಡಿಯಿತು. ಅಲ್ಲಿಯವರೆಗೆ ಮುಂದುಗಡೆ ಬಗ್ಗಿ ಹ್ಯಾಂಡಲು ತಿರುಗಿಸುವುದೇ ಗತಿ. ಕಿಡಿ ಮೊದಲೇ ಹಾರಿತೆಂದರೆ ಎಂಜಿನ್ ಹಿಮ್ಮುಖವಾಗಿ ಒದೆಯುತ್ತದೆ. ಹ್ಯಾಂಡಲು ಮಣಿಕಟ್ಟಿಗೆ ಬಡಿಯುತ್ತದೆ. ಆದುದರಿಂದ ಬಲ್ಲವರು ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಿ ಹಿಡಿಯದೆ ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಟ್ಟುಕೊಂಡು, ಎಡಗೈಯಿಂದ, ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾರೆ; ಮೇಲಿನಿಂದ ಕೆಳಕ್ಕೆ ಎಂದೂ ಒತ್ತುವುದಿಲ್ಲ. ಕೈಬ್ರೇಕು ಹಿಂದಕ್ಕೆ ಎಳೆದಿದೆಯೆ ಎಂದು ಮೊದಲು ನೋಡಿಕೊಳ್ಳಬೇಕು. ಎಳೆಯದಿದ್ದರೆ ಎಂಜಿನ್ ಎಚ್ಚೆತ್ತೊಡನೆ ಬಂಡಿ ತನ್ನನ್ನು ಎಬ್ಬಿಸಿದವನ ಮೇಲೆಯೇ ನಡೆದು ಬರುತ್ತದೆ.

ಕಡಿದಾದ ಏರಿನಲ್ಲಿ ಇನ್ನೊಂದು ವಿನೋದ. ಟಿ ಮಾದರಿಯ ಬಹುಪಾಲು ಬಂಡಿಗಳಲ್ಲಿ ಪೆಟ್ರೋಲಿನ ತೊಟ್ಟಿ ಮುಂದಿನ ಆಸನದ ಕೆಳಗಿದ್ದಿತು. ಪಂಪು ಇರಲಿಲ್ಲ, ನೀರು ತಗ್ಗಿಗೆ ಹರಿಯುವಂತೆ ಪೆಟ್ರೋಲು ತಾನಾಗಿ ಎಂಜಿನ್ನಿಗೆ ಹರಿಯಬೇಕಾಗಿತ್ತು. ತೊಟ್ಟಿಯಲ್ಲಿ ಸ್ವಲ್ಪವೇ ಉಳಿದಿರುವಾಗ ಬಂಡಿಯ ಮೂತಿ ಮೇಲೆದ್ದರೆ ತೊಟ್ಟಿ ಕೆಳಗಾಗಿ ಕಾರ್ಬೊರೇಟರು ಮೇಲಾಗಿ ಹರಿವು ನಿಲ್ಲುವುದು. ಉಪಾಯವೇನೆಂದರೆ ಬಂಡಿಯನ್ನು ತಿರುಗಿಸಿ ಹಿಮ್ಮುಖವಾಗಿ ಬೆಟ್ಟವನ್ನೇರುವುದು! ದೇವರಾಯನದುರ್ಗದಂಥ ಬೆಟ್ಟದ ತಿರುವುಗಳಲ್ಲಿ ಈ ಉಪಾಯವನ್ನು ಮಾಡುವವನು ಕತ್ತನ್ನು ಹಿಂದಕ್ಕೆ ತಿರುಗಿಸಿಕೊಂಡೇ ಮೇಲಣ ತನಕ ಹೋಗಬೇಕು. ಇದನ್ನು ನೋಡಿ ನಗುವವರು ಒಂದು ಕ್ಷಣ ಆ ಆಸನದಲ್ಲಿ ತಮ್ಮನ್ನು ಕಲ್ಪಿಸಿಕೊಂಡು ನೋಡಲಿ.

ನೀರಿನ ಚಿಂತೆ ಬೇರೆ. ಟಿ ಮಾದರಿಯಲ್ಲಿ ಎಂಜಿನ್ನನ್ನು ತಣಿಸುವ ನೀರು ಬಿಸಿಯಾಗಿ ತಾನೇ ಮೇಲೇರಿ ತಣ್ಣಗಾಗಿ ತಾನೇ ಕೆಳಗಿಳಿಯುವ ಕ್ರಮವಿತ್ತು. ಪಾವಗಡದ ಕಡೆಯ ಬಿಸಿಲಿನಲ್ಲಿ, ನಿಧಾನದ ಗೇರಿನಲ್ಲಿ, ಬೆನ್ನ ಹಿಂದಿನಿಂದ ಗಾಳಿ ಬೀಸುತ್ತಿರುವಾಗ ಇಂಥ ನೀರು ಕುದಿಯದೆ ಉಳಿಯುವುದೆಂತು? ಮಳೆ ಅಪರೂಪವಾದ ಸೀಮೆಯಲ್ಲಿ ಮುಂದಿನ ಕೆರೆಯೋ ಬಾವಿಯೋ ಎಷ್ಟು ದೂರವೆಂಬುದು ಪ್ರಯಾಣಿಕನಿಗಿಂತ ಬಂಡಿಗೇ ಹೆಚ್ಚು ಮುಖ್ಯ. ಎತ್ತಿನ ಲಾಳದಿಂದ ಉದುರಿದ ಮೊಳೆ, ಜಾಲಿಯ ಮುಳ್ಳು, ಇವು ಟೈರಿನ ಪಾಲಿಗೆ ಯಮದೂತರು. ಅದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

೧೯೨೮ರಲ್ಲಿ ಜನರಲ್ ಮೋಟಾರ್ಸಿನವರು ಬೊಂಬಾಯಿಯಲ್ಲಿ ಬಂಡಿಗಳ ಜೋಡಣೆಯನ್ನು ಆರಂಭಿಸಿದರು. ಆ ಕಾಲದ ಲಾರಿ ಬಸ್ಸುಗಳಲ್ಲಿ ಪೆಡಲುಗಳ ಕ್ರಮ ಇಂದಿನದಕ್ಕೆ ಹತ್ತಿರವಾದರೂ ಗೇರು ಬದಲಾಯಿಸುವ ಕಲೆ ಬೇರೆಯೇ. ಹಲ್ಲುಚಕ್ರಗಳೆರಡರ ವೇಗವನ್ನು ತಾನೇ ಸರಿದೂಗಿಸುವ ಏರ್ಪಾಡು ಕ್ಯಾಡಿಲಾಕ್ ಕಾರಿನಲ್ಲಿ ಬಂದುದೂ ಅದೇ ೧೯೨೮ರಲ್ಲಿ. ಉಳಿದವುಗಳಲ್ಲಿ ಆ ಕೆಲಸ ಕಾಲಿನದು. ಕ್ಲಚ್ಚನ್ನು ಒತ್ತಿ ಗೇರನ್ನು ಬಿಡಿಸು. ಕ್ಲಚ್ಚನ್ನು ಬಿಟ್ಟು ಎಂಜಿನ್ನನ್ನು ಒಮ್ಮೆ ಗುಡುಗಿಸು. ಮತ್ತೆ ಕ್ಲಚ್ಚನ್ನು ಒತ್ತಿ ಕೆಳಗಿನ ಗೇರಿಗೆ ಹಾಕು. ಇಷ್ಟನ್ನೂ ಏರಿನಲ್ಲಿ ಬಂಡಿ ನಿಂತುಹೋಗುವ ಮೊದಲು ಮುಗಿಸಬೇಕು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದು ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಅಂಟಿಕೊಂಡಾಗ ಕಷ್ಟ ಇಮ್ಮಡಿಯಾಯಿತು. ಇದ್ದಿಲಿನ ಅನಿಲಕ್ಕೆ ಕಸುವು ಕಡಮೆ. ಕ್ಲೀನರು ಹೊರಡುವುದಕ್ಕೆ ಬಹಳ ಮುಂಚೆಯೇ ಒಲೆಯ ಗಾಳಿಚಕ್ರವನ್ನು ತಿರುಗಿಸುತ್ತ ನಿಲ್ಲುವನು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯುವರು, ಕೆಲವು ವೇಳೆ ತಳ್ಳುವರು.

ಏರುವುದು ಹೀಗಾದರೆ ನಿಲ್ಲಿಸುವುದು ಇದಕ್ಕಿಂತ ಕಠಿಣವಾದ ವಿದ್ಯೆ. ೧೯೨೦ರ ದಶಕದ ನಡುವಿನವರೆಗೆ ಬಹುಪಾಲು ಕಾರುಗಳಿಗೆ ಬ್ರೇಕು ಇದ್ದುದು ಹಿಂದಿನ ಚಕ್ರಗಳಿಗೆ ಮಾತ್ರ. ಬಂಡಿಯನ್ನು ತಡೆದಾಗ ಅದರ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರಗಳು ಹಗುರಾಗಿ, ನೆಲವನ್ನು ಹಿಡಿಯಲಾರದೆ ಜಾರುತ್ತವೆ. ಎಂದರೆ, ಹಿಡಿತ ಎಲ್ಲಿ ಕಡಮೆಯೋ ಅಲ್ಲಿಯೇ ಬ್ರೇಕು! ಇಂದಿನ ಒಳ್ಳೆಯ ಕಾರು ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿರುವಾಗ ಒಣ ಡಾಂಬರಿನ ಮೇಲೆ ಬ್ರೇಕು ಹಿಡಿದ ಮೇಲೆ ಸುಮಾರು ೨೦ ಮೀಟರಿನಲ್ಲಿ ನಿಂತೀತು. ಹಿಂಚಕ್ರದ ಬ್ರೇಕನ್ನೇ ನಂಬಿದ ಬಂಡಿಗೆ ಅದೇ ವೇಗದಲ್ಲಿ ೪೦ ಮೀಟರೂ ಸಾಲದು. ಆದುದರಿಂದ ಇಳುಕಲಿನ ತಲೆಯಲ್ಲಿಯೇ ಕೆಳಗಿನ ಗೇರಿಗೆ ಹಾಕಿ, ಎಂಜಿನ್ನಿನಿಂದಲೇ ಬಂಡಿಯನ್ನು ಹಿಡಿದುಕೊಂಡು ಇಳಿಯುವುದು ಪದ್ಧತಿ. ಅರ್ಧ ಇಳಿದ ಮೇಲೆ ಈ ಬುದ್ಧಿ ಬಂದರೆ ಗೇರು ಕೂರುವುದಿಲ್ಲ.

ರಾತ್ರಿಯ ದೀಪದ ಮಾತನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತೇನೆ: ೧೯೧೫ರ ಮೇಲಣ ಟಿ ಮಾದರಿಯ ಅನೇಕ ಬಂಡಿಗಳಲ್ಲಿ ದೀಪದ ವಿದ್ಯುತ್ತು ಎಂಜಿನ್ನಿನಿಂದಲೇ ಬರುತ್ತಿದ್ದುದರಿಂದ, ಹೊಂಡಗಳ ನಡುವೆ ನಿಧಾನವಾಗಿ ಹೋಗುವಾಗಲೇ, ಎಂದರೆ ಬೆಳಕು ಹೆಚ್ಚು ಬೇಕಾದಾಗಲೇ, ದೀಪ ಮಂಕಾಗುತ್ತಿತ್ತು.

ಇನ್ನು ಮೋಟಾರು ಬೈಸಿಕಲ್ಲು, ನಮ್ಮ ಹಳ್ಳಿಗಳ ‘ಫಟಫಟಿ’. ಮದರಾಸಿನಲ್ಲಿ ೧೯೫೫ರಿಂದ ತಯಾರಾದ ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನಲ್ಲಿ ಬಹುಕಾಲ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇದ್ದಿತು. ಇಂದಿನ ಬಂಡಿಗಳಲ್ಲಿ ಇದು ತಿರುವುಮುರುವು. ಶಾಂತವಾಗಿ ಹೋಗುವಾಗ ಇದನ್ನು ನೆನಪಿಟ್ಟುಕೊಳ್ಳಬಹುದು. ದಾರಿಗೆ ದನವೊಂದು ಅಡ್ಡಬಂದಾಗ ಕಾಲು ಬುದ್ಧಿಯನ್ನು ಕೇಳುವುದಿಲ್ಲ, ಅಭ್ಯಾಸವನ್ನು ಕೇಳುತ್ತದೆ. ಬ್ರೇಕೆಂದು ತುಳಿದುದು ಗೇರಾಗಿರುತ್ತದೆ. ೧೯೬೦ರ ದಶಕದ ಆರಂಭದಿಂದ ೧೯೯೬ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳಲ್ಲಿ ಗೇರಿನ ಕಡ್ಡಿಯೇ ಎತ್ತಿ ನಿಲ್ಲಿಸಿದರೆ ಒದ್ದು ಹೊರಡಿಸುವ ಕಡ್ಡಿಯೂ ಆಗುವುದು. ಈ ಬಂಡಿಗಳಿಗೆ ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಬೇಕು. ಉದ್ದನೆಯ ಇಳುಕಲಿನಲ್ಲಿ ಪೆಟ್ರೋಲನ್ನು ಪೂರ್ತಿ ಮುಚ್ಚಿ, ಗೇರಿನಲ್ಲಿಯೇ ಬಿಟ್ಟು ಇಳಿದರೆ ಪೆಟ್ರೋಲಿನೊಡನೆ ಎಣ್ಣೆಯೂ ನಿಂತು ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಕಚ್ಚಿದರೆ ಹಿಂಚಕ್ರ ತಟಕ್ಕನೆ ನಿಂತು ಸವಾರ ನೆಲ ಕಾಣುವನು. ಆದುದರಿಂದ ಇಳಿಯುವಾಗಲೂ ನಡುನಡುವೆ ತುಸು ಪೆಟ್ರೋಲು ಕೊಡುತ್ತಿರಬೇಕು. ಹೊಸ ಬಂಡಿಯಲ್ಲಿ ಬೆಳೆದ ತರುಣನಿಗೆ ಇದು ಹೇಳದೆ ಹೊಳೆಯುವ ಮಾತಲ್ಲ.

ಈಗಿನ ಸ್ಥಿತಿಯನ್ನು ನೋಡಿ. ೨೦೧೯ರ ಏಪ್ರಿಲಿನಿಂದ ೧೨೫ ಸಿ.ಸಿ.ಗಿಂತ ದೊಡ್ಡ ಹೊಸ ಬೈಕುಗಳೆಲ್ಲಕ್ಕೂ ಚಕ್ರ ಜಾರದಂತೆ ತಡೆಯುವ ಬ್ರೇಕು ಕಡ್ಡಾಯವಾಗಿದೆ. ಪಾವಗಡದ ತಿರುಮಣಿಯ ಸುತ್ತ ೨,೦೫೦ ಮೆಗಾವಾಟಿನ ಸೌರವಿದ್ಯುತ್ ಕ್ಷೇತ್ರ ಹರಡಿದೆ. ವಿದ್ಯುತ್ತಿನಿಂದ ಓಡುವ ಕಾರಿಗೆ ಕ್ಲಚ್ಚಿಲ್ಲ, ಬದಲಾಯಿಸುವ ಗೇರಿಲ್ಲ, ಕೇಳುವುದಕ್ಕೆ ಸದ್ದೂ ಇಲ್ಲ. ಒಂದು ಕಾಲಕ್ಕೆ ರೇಡಿಯೇಟರಿಗೆ ಶತ್ರುವಾಗಿದ್ದ ಬಿಸಿಲೇ ಬಂಡಿಯನ್ನೆಳೆಯುವ ಕಾಲ ಬಂದಿತು! ಸಿರಾದ ಬಳಿ ರಾಷ್ಟ್ರೀಯ ಹೆದ್ದಾರಿ ೪೮ರಲ್ಲಿ ಗಂಟೆಗೆ ನೂರು ಕಿಲೋಮೀಟರಿನಲ್ಲಿ ಹೋಗುವ ಕಾರಿನವನು ತನ್ನ ಮುಂದಿನ ಬಂಡಿಯೂ ತನ್ನಂತೆಯೇ ಓಡುವುದೆಂದೂ ನಿಲ್ಲುವುದೆಂದೂ ನಂಬಿರುತ್ತಾನೆ.

ಅಪಾಯವಿರುವುದು ಈ ನಂಬಿಕೆಯಲ್ಲಿ. ಹಳೆಯ ಬಂಡಿಗಳನ್ನು ಅಕ್ಕರೆಯಿಂದ ಉಳಿಸಿಕೊಂಡವರು ಇದ್ದಾರೆ, ಇರಬೇಕು. ೨೦೨೧ರ ನಿಯಮದಂತೆ ೫೦ ವರ್ಷಕ್ಕೆ ಮೀರಿದ, ಮೂಲ ರೂಪವನ್ನು ಕೆಡಿಸದ ವಾಹನಗಳನ್ನು ೨೦,೦೦೦ ರೂಪಾಯಿ ಕೊಟ್ಟು ಪ್ರತ್ಯೇಕವಾಗಿ ನೋಂದಾಯಿಸಬಹುದು. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅವನ್ನು ಬಳಸುವಂತಿಲ್ಲ. ನಿಯಮ ಸರಿಯಾದುದೇ. ಆದರೆ ಬಂಡಿ ಉಳಿದು, ಅದನ್ನು ನಡೆಸುವ ವಿದ್ಯೆ ಹಳೆಯ ಡ್ರೈವರುಗಳೊಡನೆ ಹೊರಟುಹೋದರೆ ಅದು ಮೆರವಣಿಗೆಯ ವಸ್ತುವಾದೀತೇ ಹೊರತು ವಾಹನವಾಗದು. ನಮ್ಮ ಊರುಗಳಲ್ಲಿ ಇಂದಿಗೂ ಎಂಜಿನ್ನಿನ ಸದ್ದಿನಿಂದಲೇ ರೋಗವನ್ನು ಹೇಳಬಲ್ಲ ವೃದ್ಧ ಮೆಕ್ಯಾನಿಕ್ಕುಗಳು ಕೆಲವರು ಸಿಕ್ಕುತ್ತಾರೆ. ತಾತನ ಜಾವಾವನ್ನು ಹೊರತೆಗೆಯಬೇಕೆಂದಿರುವ ತರುಣರು ಬಣ್ಣ ಬಳಿಸುವ ಮೊದಲು ಇಂಥವರ ಹಿಂದೆ ಕುಳಿತು ಒಂದೆರಡು ದಿನ ತಿರುಗಲಿ. ಹೆದ್ದಾರಿಯನ್ನು ಬಿಟ್ಟು ಮಧುಗಿರಿ, ಕೊರಟಗೆರೆಗಳ ಒಳದಾರಿಗಳನ್ನು, ಅದೂ ಬೆಳಗಿನ ಹೊತ್ತಿನಲ್ಲಿ, ಹಿಡಿಯಲಿ. ಮುಂದಿನ ಬಂಡಿಗೂ ತಮಗೂ ನಡುವೆ ಹೊಸ ಬಂಡಿಗೆ ಬಿಡುವುದರ ಎರಡರಷ್ಟು ಜಾಗ ಬಿಡಲಿ. ಆ ಜಾಗದಲ್ಲಿ ಇನ್ನೊಬ್ಬನು ನುಗ್ಗಿದರೆ ಕೋಪಗೊಳ್ಳದೆ ಮತ್ತೆ ಹಿಂದೆ ಸರಿಯಲಿ. ಮನೆಗೆ ಬಂದು ನಿಲ್ಲಿಸಿದ ಮೇಲೆ ತೊಟ್ಟಿಯ ಕೆಳಗಿನ ಪೆಟ್ರೋಲು ನಲ್ಲಿಯನ್ನು ಕೈಯಾರೆ ತಿರುಗಿಸಿ ಮುಚ್ಚಲಿ. ಇಲ್ಲವಾದರೆ ರಾತ್ರಿಯೆಲ್ಲ ಅದು ತೊಟ್ಟಿಕ್ಕುತ್ತಲೇ ಇರಬಹುದು.