ಶಿವಮೊಗ್ಗದಿಂದ ಸಾಗರಕ್ಕೆ ಸೈಕಲ್ ಮೇಲೆ

ಸೈಕಲ್ ಮೇಲೆ ಎಷ್ಟು ದೂರ ಹೋಗಬಹುದು? ಹಾಲಿನ ಡೈರಿಗೆ ಹೋಗಬಹುದು. ಸಂತೆಗೆ ಹೋಗಬಹುದು. ಪಕ್ಕದೂರಿನ ತವರಿಗೂ ಹೋಗಬಹುದು. ಎಪ್ಪತ್ತು ಕಿಲೋಮೀಟರ್? ಅದೂ ಹೆಂಗಸರು? ಹೋಗಬಹುದು. ನಾವು ಹೋಗಿ ಬಂದಿದ್ದೇವೆ. ಹೇಗೆ ಅಂತ ಹೇಳ್ತೀವಿ, ಓದಿ.

ನಾವು ಒಟ್ಟು ಒಂಬತ್ತು ಜನ. ಇಬ್ಬರು ಟೀಚರು. ಉಳಿದ ಏಳು ಜನ ನಮ್ಮ ಕಲಿಕಾ ಕೇಂದ್ರದ ಅಕ್ಕಂದಿರು. ಎಲ್ಲರಿಗಿಂತ ಹಿರಿಯಕ್ಕನಿಗೆ ನಲವತ್ತೆಂಟು ವರ್ಷ. ತರೀಕೆರೆಯಿಂದ ಜೋಗಕ್ಕೆ ಮೂರು ದಿನದ ಪ್ರಯಾಣ. ಮೊದಲ ದಿನ ಭದ್ರಾವತಿ ದಾಟಿ ಶಿವಮೊಗ್ಗ. ಎರಡನೇ ದಿನ ಸಾಗರ. ಮೂರನೇ ದಿನ ಜೋಗ. ಎರಡನೇ ದಿನವೇ ದೊಡ್ಡದು. ಸುಮಾರು 72 ಕಿಲೋಮೀಟರ್. ಆ ಒಂದು ದಿನದ ವಿಷಯವನ್ನೇ ಇಲ್ಲಿ ಬರೆದಿದ್ದೇವೆ.

ಮೊದಲು ಲೆಕ್ಕ. ಅವಸರ ಮಾಡದೆ ತುಳಿದರೆ ಗಂಟೆಗೆ 12 ಕಿಲೋಮೀಟರ್ ಸಾಗುತ್ತೇವೆ. 72ನ್ನು 12ರಿಂದ ಭಾಗಿಸಿ. 6 ಬಂತಲ್ಲ? ಆರು ಗಂಟೆ ತುಳಿಯಬೇಕು. ತಿಂಡಿ, ಊಟ, ವಿಶ್ರಾಂತಿ, ಪಂಕ್ಚರ್ ಇದಕ್ಕೆಲ್ಲ ಇನ್ನೂ ನಾಲ್ಕು ಗಂಟೆ ಇಟ್ಟುಕೊಳ್ಳಿ. ಒಟ್ಟು ಹತ್ತು ಗಂಟೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಐದಕ್ಕೆ ಸಾಗರ. ಜನವರಿ ತಿಂಗಳಲ್ಲಿ ಬೇಗ ಕತ್ತಲಾಗುತ್ತೆ. ಕತ್ತಲಲ್ಲಿ ಹೆದ್ದಾರಿ ಮೇಲೆ ಸೈಕಲ್ ಬೇಡವೇ ಬೇಡ.

ಹಿಂದಿನ ರಾತ್ರಿಯೇ ಸೈಕಲ್ ನೋಡಿಕೊಂಡೆವು. ಬ್ರೇಕ್ ಹಿಡಿಯುತ್ತಾ? ಗಾಳಿ ಇದೆಯಾ? ಚೈನಿಗೆ ಎಣ್ಣೆ ಬಿತ್ತಾ? ಸೀಟಿನ ವಿಷಯ ಮಾತ್ರ ಗಮನವಿಟ್ಟು ಓದಿ. ಬಿದ್ದುಬಿಟ್ಟೇವು ಅಂತ ಹೆದರಿ ನಾವು ಹೆಂಗಸರು ಸೀಟನ್ನು ತೀರಾ ತಗ್ಗಿಸಿಕೊಳ್ತೀವಿ. ಊರೊಳಗೆ ಅದು ನಡೆಯುತ್ತೆ. ದೂರದ ದಾರಿಗೆ ಮಂಡಿ ನೋವು ಬರುತ್ತೆ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ಅದೇ ಸರಿಯಾದ ಎತ್ತರ.

ಬಟ್ಟೆ? ಆರು ಜನ ಚೂಡಿದಾರ್ ಹಾಕಿದ್ದರು. ವೇಲ್ ಚಕ್ರಕ್ಕೆ ಸಿಕ್ಕಬಾರದು ಅಂತ ಸೊಂಟಕ್ಕೆ ಕಟ್ಟಿಕೊಂಡರು. ಹಿರಿಯಕ್ಕ ಮಾತ್ರ ಸೀರೆಯನ್ನೇ ಉಟ್ಟು, ನೆರಿಗೆ ಎತ್ತಿ ಸಿಕ್ಕಿಸಿದರು. ಅವರದು ಚೈನಿಗೆ ಮುಚ್ಚಳ ಇರುವ ಲೇಡೀಸ್ ಸೈಕಲ್.

ಏಳಕ್ಕೆ ಹೊರಟೆವು. ಮಂಜು ಮುಸುಕಿತ್ತು. ತ್ಯಾವರೆಕೊಪ್ಪದ ಸಿಂಹಧಾಮದ ಹತ್ತಿರ ಬರುವಷ್ಟರಲ್ಲಿ ಬಿಸಿಲು ಬಂತು. ರಸ್ತೆಯ ಎಡ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು. ಜೊತೆಜೊತೆಯಾಗಿ ಮಾತಾಡ್ತಾ ಹೋಗುವಂತಿಲ್ಲ. ಹಿಂದಿನಿಂದ ಲಾರಿ ಬಂದರೆ ಕೊನೆಯಲ್ಲಿದ್ದವರು ಕೂಗಬೇಕು. ಸೈಕಲ್ಲಿನ ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿದ್ದೆವು.

ದಾರಿಯಲ್ಲಿ ನಮಗೆ ಜೊತೆಯಾದದ್ದು ಯಾರು ಗೊತ್ತೆ? ಕಿಲೋಮೀಟರ್ ಕಲ್ಲು. ನೀವೂ ನೋಡಿರುತ್ತೀರಿ. ಬಸ್ಸಿನ ಕಿಟಕಿಯಿಂದ ಅದು ಸರ್ರನೆ ಹಿಂದೆ ಹೋಗುತ್ತೆ, ಓದಲು ಬಿಡುವುದಿಲ್ಲ. ಸೈಕಲ್ ಮೇಲೆ ನಿಧಾನ, ಓದಬಹುದು. ಕಲ್ಲಿನ ತಲೆ ಹಳದಿ ಇದ್ದರೆ ಅದು ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಪ್ರತಿ ಐದು ಕಿಲೋಮೀಟರಿಗೆ ಒಂದು ದೊಡ್ಡ ಕಲ್ಲು. ನಡುನಡುವೆ ಇನ್ನೂರು ಮೀಟರಿಗೊಂದು ಪುಟ್ಟ ಕಲ್ಲು. ರಸ್ತೆ ಅಗಲ ಮಾಡಿದ ಕಡೆ ಎಷ್ಟೋ ಕಲ್ಲು ಉಳಿದಿಲ್ಲ, ಬೋರ್ಡು ಬಂದಿದೆ. ಉಳಿದದ್ದನ್ನು ಅಕ್ಕಂದಿರು ಒಂದೂ ಬಿಡದೆ ಗಟ್ಟಿಯಾಗಿ ಓದಿದರು. "ಸಾ-ಗ-ರ, ಐವತ್ತು!" ಸ್ವಲ್ಪ ಹೊತ್ತಿಗೆ, "ಸಾಗರ ನಲವತ್ತೊಂಬತ್ತು!" ಬಸ್ಸಿನ ಬೋರ್ಡು ಓದಲಾಗದೆ ಪಕ್ಕದವರನ್ನು ಕೇಳಿಯೇ ಹತ್ತುತ್ತಿದ್ದವರು ಇವರು.

ಆಯನೂರಿನಲ್ಲಿ ತಿಂಡಿ ತಿಂದೆವು. ಕುಂಸಿ ದಾಟಿದೆವು. ಬಾಯಾರಿದ ಮೇಲೆ ನೀರು ಕುಡಿದರೆ ತಡವಾಯಿತು ಅಂತಲೇ ಅರ್ಥ. ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯಬೇಕು. ಹೆಂಗಸರು ನೀರು ಯಾಕೆ ಕುಡಿಯೋದಿಲ್ಲ ಅಂತ ನಿಮಗೆ ಗೊತ್ತು. ಒಂದಕ್ಕೆ ಎಲ್ಲಿ ಹೋಗೋದು ಅನ್ನೋ ಚಿಂತೆ. ಅದಕ್ಕೆ ಒಂದು ವಿಷಯ ತಿಳಿದುಕೊಳ್ಳಿ. ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ, ಕುಡಿಯುವ ನೀರು, ಚಕ್ರಕ್ಕೆ ಗಾಳಿ ಮೂರನ್ನೂ ಪುಕ್ಕಟೆ ಕೊಡಬೇಕು ಅಂತ ನಿಯಮವಿದೆ. ಪೆಟ್ರೋಲ್ ಹಾಕಿಸದಿದ್ದರೂ ಕೇಳಬಹುದು. ನಾವು ಕೇಳಿದೆವು. ಒಂದು ಕಡೆ ಬೀಗ ಹಾಕಿದ್ದರು. ಒಂಬತ್ತು ಜನ ನಿಂತು ಕೇಳಿದಾಗ ಬೀಗದ ಕೈ ಬಂತು.

ಚೋರಡಿಯ ಹತ್ತಿರ ಕುಮುದ್ವತಿ ಹೊಳೆ ಸಿಗುತ್ತದೆ. ಅಲ್ಲಿ ಒಬ್ಬ ಅಕ್ಕನ ಮೀನಖಂಡ ಹಿಡಿದುಕೊಂಡಿತು. ಕಾಲು ಕೆಳಗಿಡಲು ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ನೋವಿಗೆ ಮಾತ್ರ ಅಲ್ಲ. "ಅರ್ಧ ದಾರೀಲಿ ಬಸ್ ಹತ್ತಿ ಬರ್ತೀಯ ನೋಡು" ಅಂತ ಗಂಡ ನಾಲ್ಕು ಜನರ ಎದುರು ನಕ್ಕಿದ್ದನಂತೆ. ಅಷ್ಟರಲ್ಲಿ ಶಿವಮೊಗ್ಗದ ಬಸ್ಸೂ ಬಂತು. ನಮ್ಮ ಗುಂಪು ನೋಡಿ ನಿಲ್ಲಿಸಿದರು. "ಹತ್ತೋದಾದ್ರೆ ಹತ್ತು ಅಕ್ಕ, ತಪ್ಪೇನಿಲ್ಲ, ನಮ್ಮಲ್ಲಿ ಒಬ್ಬರು ಜೊತೇಲಿ ಬರ್ತೀವಿ" ಅಂದೆವು. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಬೇರೆಯವರ ಮಾತಿಗಾಗಿ ಕಾಲು ಕೆಡಿಸಿಕೊಳ್ಳಬಾರದು. ಅಕ್ಕ ಬಸ್ಸಿನ ಕಡೆ ನೋಡಲಿಲ್ಲ. "ಅರ್ಧ ಗಂಟೆ ಕೊಡಿ ಮೇಡಂ" ಅಂದರು.

ನೆರಳಲ್ಲಿ ಕೂರಿಸಿದೆವು. ಕಾಲು ನೀಡಿಸಿ ಪಾದದ ತುದಿಯನ್ನು ಮೆಲ್ಲಗೆ ಮಂಡಿಯ ಕಡೆಗೆ ಎಳೆದು ಹಿಡಿದೆವು. ಹಿಡಿದ ಸ್ನಾಯು ಹೀಗೆ ಸಡಿಲವಾಗುತ್ತೆ. ಬೆವರಿನ ಜೊತೆ ಮೈಯ ಉಪ್ಪೂ ಹೋಗಿರುತ್ತದೆ. ಅದಕ್ಕೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಸಿದೆವು. ಟೀ ಚಮಚ, ತಲೆ ತಟ್ಟಿದ್ದು. ಮಕ್ಕಳಿಗೆ ಭೇದಿಯಾದಾಗ ಕೊಡುವುದೂ ಇದನ್ನೇ. ಮರೆಯಬೇಡಿ. ಉಪ್ಪು ಮಾತ್ರ ಹೆಚ್ಚಾಗಬಾರದು.

ಕೂತಲ್ಲೇ ಪುದುಕೋಟೆಯ ಕಥೆ ಹೇಳಿದೆವು. ಅದು ತಮಿಳುನಾಡಿನ ಒಂದು ಜಿಲ್ಲೆ. 1991ರಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಇದಕ್ಕೆ ಒತ್ತಾಸೆಯಾಗಿ ನಿಂತರು. ಕೂಲಿಯವರು, ಕಲ್ಲು ಕ್ವಾರಿಯವರು, ಅಂಗನವಾಡಿಯವರು ಸಾವಿರ ಸಾವಿರ ಸಂಖ್ಯೆಯಲ್ಲಿ ಕಲಿತರು. ಎಷ್ಟೋ ಜನ ಗಂಡಸರ ಸೈಕಲ್ಲೇ ಬೇಕು ಅಂದರಂತೆ. ಯಾಕೆ? ಮುಂದಿನ ಕಂಬಿ ಮೇಲೆ ಮಗುವನ್ನು ಕೂರಿಸಬಹುದಲ್ಲ! ಕಾಲು ನೋವಿನ ಅಕ್ಕನೂ ನಕ್ಕರು.

ಮುಂದೆ ಏರು ಬಂದ ಕಡೆ ಎಲ್ಲರೂ ಇಳಿದು ತಳ್ಳಿದೆವು. ತಳ್ಳಿಕೊಂಡು ನಡೆದರೂ ಪ್ರಯಾಣವೇ, ನಾಚಿಕೆ ಯಾಕೆ? ಆನಂದಪುರದಲ್ಲಿ ಊಟ. ಅಲ್ಲಿಯೇ ಒಂದು ಟ್ಯೂಬ್ ಪಂಕ್ಚರ್. ಅಂಗಡಿ ಮುಚ್ಚಿತ್ತು. ನಾವೇ ಟಯರ್ ಬಿಚ್ಚಿದೆವು. ಟ್ಯೂಬಿಗೆ ಗಾಳಿ ತುಂಬಿ ಬಕೆಟ್ ನೀರಲ್ಲಿ ಅದ್ದಿದರೆ ತೂತು ಇದ್ದ ಕಡೆ ಗುಳ್ಳೆ ಏಳುತ್ತೆ. ಆ ಜಾಗ ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ, ಸ್ವಲ್ಪ ಆರಿದ ಮೇಲೆ ತೇಪೆ ಒತ್ತಬೇಕು. ಹಸಿಯಿದ್ದಾಗಲೇ ಅಂಟಿಸಿದರೆ ನಿಲ್ಲೋದಿಲ್ಲ. ಟಯರಿನ ಒಳಗೆ ಕೈಯಾಡಿಸಿ ಮುಳ್ಳು ತೆಗೆಯಿರಿ. ಇಲ್ಲಾಂದ್ರೆ ಮತ್ತೆ ಅದೇ ಕಥೆ. ಸುತ್ತ ನಿಂತ ಹುಡುಗರು ಒಂದಿಬ್ಬರು ನಗಲು ಬಂದವರು, ಕೊನೆಗೆ ಪಂಪ್ ಹೊಡೆದುಕೊಟ್ಟರು.

ಸಾಗರ ಮುಟ್ಟಿದಾಗ ಐದೂ ಮುಕ್ಕಾಲು. ಲೆಕ್ಕಕ್ಕಿಂತ ಮುಕ್ಕಾಲು ಗಂಟೆ ತಡ. ಚೋರಡಿಯ ಅಕ್ಕ ಬಸ್ ನಿಲ್ದಾಣದ ಎದುರು ಸೈಕಲ್ ನಿಲ್ಲಿಸಿ ಗಂಡನಿಗೆ ಫೋನ್ ಮಾಡಿದರು. "ಸಾಗರದಲ್ಲಿದೀನಿ" ಅಂದರು. ಆ ಕಡೆಯಿಂದ ಏನಂದರೋ ನಮಗೆ ಕೇಳಲಿಲ್ಲ. "ಬೋರ್ಡು ನಾನೇ ಓದಿದೆ, ಯಾರನ್ನೂ ಕೇಳಲಿಲ್ಲ. ಹಸುಗೆ ಹಿಂಡಿ ಇಟ್ರಾ?" ಅಂತ ಕೇಳಿ ಫೋನ್ ಇಟ್ಟರು. ಆಮೇಲೆ ಕಾಲಿಗೆ ಬಿಸಿನೀರು ಸಿಗುವುದೆಲ್ಲಿ ಅಂತ ಹುಡುಕಿಕೊಂಡು ಹೊರಟೆವು.