ಸ್ಪೇಸ್ ಹೋಯಿತು, ಸೈಬರ್ ಉಳಿಯಿತು

ಗೋಕಾಕ ತಾಲೂಕಿನ ಅಂಕಲಗಿ ಕಡೆ ‘ಸೈಬರಕ್ಕ ಹೋಗಿ ಉತಾರ ತಗಸ್ಕೊಂಡ ಬಾ’ ಎಂದರೆ ಬಿಡಿಸಿ ಹೇಳಬೇಕಿಲ್ಲ. ಕಂಪ್ಯೂಟರು, ಪ್ರಿಂಟರು ಇಟ್ಟುಕೊಂಡು ಉತಾರ ಅಂದರೆ ಪಹಣಿ ತೆಗೆದುಕೊಡುವ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಕೊಡುವ ಅಂಗಡಿಯೇ ಸೈಬರ್. ವಿಶೇಷಣವನ್ನು ನಾಮಪದ ಮಾಡಿ ಉಳಿದರ್ಧ ನುಂಗಿಬಿಟ್ಟರು ಎಂದು ಇಂಗ್ಲಿಷ್ ಬಲ್ಲವರು ನಗಬಹುದು. ಆದರೆ ಈ ಪದದ ಜಾತಕ ಬಿಚ್ಚಿದರೆ, ನುಂಗಿದವರೇ ಮೂಲಕ್ಕೆ ಹತ್ತಿರವಿದ್ದಾರೆ.

‘ಸೈಬರ್‌ಸ್ಪೇಸ್’ ಪದವನ್ನು ಜಗತ್ತಿಗೆ ಹಬ್ಬಿಸಿದವರು ವಿಜ್ಞಾನ ಕಥೆಗಾರ ವಿಲಿಯಂ ಗಿಬ್ಸನ್. 1982ರ ‘ಬರ್ನಿಂಗ್ ಕ್ರೋಮ್’ ಕಥೆಯಲ್ಲಿ ಅದು ಬಂತು. 1984ರ ‘ನ್ಯೂರೋಮ್ಯಾನ್ಸರ್’ ಕಾದಂಬರಿಯಿಂದ ಮನೆಮಾತಾಯಿತು. ಡೆನ್ಮಾರ್ಕಿನ ಕಲಾವಿದೆ ಸುಸಾನ್ ಉಸ್ಸಿಂಗ್ 1960ರ ದಶಕದ ಕೊನೆಗೇ ಈ ಹೆಸರು ಬಳಸಿದ್ದರೂ ಅದಕ್ಕೂ ಕಂಪ್ಯೂಟರಿಗೂ ನಂಟಿರಲಿಲ್ಲ. ಗಿಬ್ಸನ್ ಮೊದಲು ಡೇಟಾಸ್ಪೇಸ್, ಇನ್ಫೋಸ್ಪೇಸ್ ಎಂದು ಬರೆದು ಹೊಡೆದುಹಾಕಿದ್ದರು. ಮೂರರಲ್ಲೂ ‘ಸ್ಪೇಸ್’ ಕದಲಲಿಲ್ಲ. ಬದಲಾದದ್ದು ಮೊದಲ ತುಂಡು ಮಾತ್ರ. ‘ಸೈಬರ್’ ಕಿವಿಗೆ ಹಿಡಿಸಿತು, ಅರ್ಥವೇನೂ ಇರಲಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಆದರೆ ಆ ತುಂಡಿಗೆ ಅರ್ಥ ಮೊದಲೇ ಇತ್ತು. ಅದು 1948ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ತಮ್ಮ ಪುಸ್ತಕಕ್ಕಿಟ್ಟ ‘ಸೈಬರ್ನೆಟಿಕ್ಸ್’ ಎಂಬ ಹೆಸರಿನ ತಲೆ. ಗ್ರೀಕಿನ ‘ಕುಬೆರ್ನೆಟೆಸ್’ ಎಂದರೆ ದೋಣಿಯ ಚುಕ್ಕಾಣಿ ಹಿಡಿದವನು. ಅದೇ ಧಾತು ಲ್ಯಾಟಿನ್ನಿಗೆ ಹೋಗಿ ‘ಗುಬೆರ್ನಾರೆ’ ಆಯಿತು, ಮುಂದೆ ಇಂಗ್ಲಿಷಿನ ‘ಗವರ್ನಮೆಂಟ್’ಗೂ ಬೇರಾಯಿತು. 1834ರಷ್ಟು ಹಿಂದೆಯೇ ಫ್ರಾನ್ಸಿನ ಭೌತವಿಜ್ಞಾನಿ ಆಂಪಿಯರ್ ಆಡಳಿತ ನಡೆಸುವ ಕಲೆಗೆ ಈ ಧಾತುವಿನಿಂದಲೇ ಹೆಸರಿಟ್ಟಿದ್ದರು. ಸೈಬರೂ ಗವರ್ನಮೆಂಟೂ ದಾಯಾದಿಗಳು.

ಅಂಗಡಿಗೆ ಬಂದವರು ಗ್ರೀಕ್ ಕಲಿತಿದ್ದಾರೆಯೇ, ಇದು ಬರೀ ಕಾಕತಾಳೀಯ ಅಲ್ಲವೇ ಎಂದು ಕೇಳಬಹುದು. ನಿಜ, ಯಾರೂ ಧಾತು ಹುಡುಕಿಕೊಂಡು ಹೋಗಲಿಲ್ಲ. ಪದ ನಮ್ಮಲ್ಲಿಗೆ ಬಂದದ್ದು ಸೈಬರ್ ಕೆಫೆಯ ದಾರಿಯಲ್ಲಿ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಶುರುವಾದ ಮೊದಲ ಕೆಫೆ ಕಾಫಿ ಡೇ ಕೂಡ ಸೈಬರ್ ಕೆಫೆಯೇ. ಮೊಬೈಲಿಗೇ ಇಂಟರ್ನೆಟ್ ಬಂದ ಮೇಲೆ ಹಳ್ಳಿಯ ಸೈಬರಿನಲ್ಲಿ ಕೂತು ಜಾಲ ನೋಡುವವರು ಕಡಿಮೆಯಾದರು. ಅತ್ತ ‘ಭೂಮಿ’ ಯೋಜನೆ, ಸೇವಾಸಿಂಧು ಎಂದು ಸರ್ಕಾರದ ಒಂದೊಂದೇ ಕಿಟಕಿ ಪರದೆಯೊಳಗೆ ಹೋಯಿತು. ಪಾಸ್‌ವರ್ಡ್, ಒಟಿಪಿಗಳ ನಡುವೆ ಚುಕ್ಕಾಣಿ ಹಿಡಿದು ದಾರಿ ತೋರಿಸುವವನೊಬ್ಬ ಬೇಕಾದ. ಆ ಕೆಲಸವೇ ಅರ್ಥವನ್ನು ಮೂಲದ ಕಡೆ ಎಳೆಯಿತು, ಕಾಕತಾಳೀಯವೆಂದು ತಳ್ಳಿಹಾಕುವುದು ಕಷ್ಟ. ಗಿಬ್ಸನ್ ಕಂಡ ಮಾಯಾಲೋಕ ಮಾತ್ರ ಅಂಕಲಗಿಗೆ ಬೇಕಾಗಲಿಲ್ಲ. ನಮ್ಮ ನಿಘಂಟುಕಾರರು ‘ಸೈಬರ್’ ಎದುರು ‘ಸರ್ಕಾರಿ ಅರ್ಜಿ ಹಾಕಿಕೊಡುವ ಅಂಗಡಿ’ ಎಂಬ ಅರ್ಥವನ್ನೂ ಸಂಕೋಚವಿಲ್ಲದೆ ಸೇರಿಸಲಿ.