ಹೊರದೇಶದ ಮೋಡೆಮ್, ನಮ್ಮೂರ ತಂತಿ

ಹಣಕೋಣದ ಮನೆಯೊಂದರ ಅಟ್ಟದಲ್ಲಿ, ಅಮೆರಿಕದ ನೆಂಟರು ಬಿಟ್ಟುಹೋದ ಹಳೆಯ ಮೋಡೆಮ್ ಸಿಕ್ಕಿತೆನ್ನಿ. ಕಂಪ್ಯೂಟರಿನ ಅಂಕಿಗಳನ್ನು ಸದ್ದಾಗಿಸಿ ದೂರವಾಣಿ ತಂತಿಯಲ್ಲಿ ಕಳಿಸುವ, ಆ ಕಡೆಯ ಸದ್ದನ್ನು ಮತ್ತೆ ಅಂಕಿಗಳಾಗಿಸುವ ಪೆಟ್ಟಿಗೆ ಅದು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ಅದು ಮನೆಯೊಳಗೆ ಬಂದದ್ದು ಇಂಥ ಪೆಟ್ಟಿಗೆಗಳ ಮೂಲಕವೇ. ಈಗ ಕುತೂಹಲಕ್ಕೆ ಜೋಡಿಸಿ ನೋಡಬೇಕೆನ್ನುವವರು ಮೊದಲು ಗಮನಿಸಬೇಕಾದದ್ದು ದೂರವಾಣಿ ತಂತಿಯನ್ನಲ್ಲ, ಗೋಡೆಯ ಪ್ಲಗ್ಗನ್ನು.

ಅಮೆರಿಕದ ಮನೆಗಳಲ್ಲಿ ವಿದ್ಯುತ್ 120 ವೋಲ್ಟ್, ನಮ್ಮಲ್ಲಿ 230. ಆ ಕಾಲದ ಅಡಾಪ್ಟರಿನ ಹೊಟ್ಟೆಯಲ್ಲಿರುವುದು ಸಾಮಾನ್ಯವಾಗಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್. 120 ವೋಲ್ಟಿಗೆಂದು ಮಾಡಿದ್ದನ್ನು ಇಲ್ಲಿ ಚುಚ್ಚಿದರೆ ಸುಟ್ಟುಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಪರಿವರ್ತಕ ಪ್ಲಗ್ ಕಾಲುಗಳ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಬದಲಿ ಅಡಾಪ್ಟರ್ ಕೊಳ್ಳುವಾಗಲೂ ಮೋಡೆಮ್ಮಿನ ಹಿಂಬದಿಯ ಚೀಟಿ ಓದಬೇಕು. ಕೆಲವಕ್ಕೆ ಬೇಕಾದದ್ದು ಡಿ.ಸಿ. ಅಲ್ಲ, ಎ.ಸಿ.

ದೂರವಾಣಿ ತಂತಿಯೂ ನಿರ್ಜೀವವಲ್ಲ. ಸುಮ್ಮನಿರುವಾಗ ಅದರಲ್ಲಿ ಸುಮಾರು 48 ವೋಲ್ಟ್ ಡಿ.ಸಿ. ಇರುತ್ತದೆ; ಗಂಟೆ ಬಾರಿಸುವಾಗ ಸುಮಾರು 75 ವೋಲ್ಟಿನ ಎ.ಸಿ. ಸೇರಿಕೊಳ್ಳುತ್ತದೆ. ಆಗ ಬರಿಗೈಯಲ್ಲಿ ತಂತಿ ಹಿಡಿದವರಿಗೆ ಜುಮ್ಮೆನ್ನುತ್ತದೆ. ಕಚೇರಿ, ಹೋಟೆಲುಗಳ ಡಿಜಿಟಲ್ ಸ್ವಿಚ್‌ಬೋರ್ಡಿನ ಸಾಕೆಟ್ ನೋಡಲು ಮನೆಯದರಂತೆಯೇ ಇದ್ದರೂ ಮೋಡೆಮ್ಮನ್ನು ಅಲ್ಲಿಗೆ ಸಿಕ್ಕಿಸಬಾರದು. ಅದರ ಕರೆಂಟು ಬೇರೆ ಬಗೆಯದು, ಒಮ್ಮೆಗೇ ಸುಟ್ಟೀತು.

ಭಾಷೆಯ ತೊಡಕೂ ಉಂಟು. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಜ್‌ಗಳ ಜೋಡಿ ಸ್ವರ. ನಮ್ಮದು 400 ಹರ್ಟ್ಜ್‌ನ ಸುತ್ತಿನದು. ಪರಿಚಯದ ಸ್ವರ ಕೇಳದ ಮೋಡೆಮ್ ಟೋನ್ ಇಲ್ಲವೆಂದು ಹಟ ಹಿಡಿಯಬಹುದು. ‘ಎಟಿಎಕ್ಸ್3’ ಎಂಬ ಆಜ್ಞೆ ಕೊಟ್ಟರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ಇದರಿಂದ ಅಪಾಯವೇನೂ ಇಲ್ಲ.

ಅಪಾಯ ಇರುವುದು ಸಿಡಿಲಿನಲ್ಲಿ. ಕರಾವಳಿಯಲ್ಲಿ ಮುಂಗಾರಿಗೆ ಮೊದಲು ಮತ್ತು ಅದು ಮರಳುವಾಗ ಗುಡುಗು ಹೆಚ್ಚು. ಕಂಬದಿಂದ ಕಂಬಕ್ಕೆ ಮೈಲಿಗಟ್ಟಲೆ ಸಾಗಿ ಬರುವ ತಾಮ್ರದ ತಂತಿಯ ಹತ್ತಿರ ಎಲ್ಲೋ ಸಿಡಿಲು ಬಿದ್ದರೂ ಅದರ ಹೊಡೆತ ಮೋಡೆಮ್ಮನ್ನು ದಾಟಿ ಕಂಪ್ಯೂಟರಿನವರೆಗೆ ಬರಬಲ್ಲದು. ಸ್ವಿಚ್ ಆರಿಸಿದರೆ ಸಾಲದು. ಕರೆಂಟಿನ ಪ್ಲಗ್, ದೂರವಾಣಿಯ ಪ್ಲಗ್ ಎರಡನ್ನೂ ಕಿತ್ತಿಡಬೇಕು. ಅದೂ ಗುಡುಗು ಶುರುವಾಗುವ ಮೊದಲೇ. ಸಿಡಿಲು ಹೊಡೆಯುತ್ತಿರುವಾಗ ತಂತಿಗೆ ಕೈಹಾಕುವುದು ಮೋಡೆಮ್ಮಿಗಿಂತ ಬೆಲೆಬಾಳುವ ಜೀವವನ್ನು ಪಣಕ್ಕಿಟ್ಟಂತೆ.

ಈಗ ತಾಮ್ರದ ಬದಲು ಗಾಜಿನೆಳೆ ಬಂದ ಮನೆಗಳಲ್ಲಿ ಆ ದಾರಿಯ ಭಯ ಕಡಿಮೆ, ಗಾಜಿನಲ್ಲಿ ವಿದ್ಯುತ್ ಹರಿಯದು. ಆದರೆ ಅಲ್ಲಿ ಮಾತು ತುಣುಕುಗಳಾಗಿ ಸಾಗುವುದರಿಂದ ಹಳೆಯ ಮೋಡೆಮ್ ತಡವರಿಸುತ್ತದೆ. ವೇಗ ತಗ್ಗಿಸಿದರೆ ಕೆಲವೊಮ್ಮೆ ಮಾತಾಡೀತು.